ಹದಿನಾರರಲ್ಲಿ ಒಂದು ಕಪ್ಪು ದಳ

ಈ ಮುದುಕನಿಗೆ ಮರೆವು, ಬೆಳಿಗ್ಗೆ ಒಂದು ಹೇಳುತ್ತಾನೆ ಸಂಜೆ ಇನ್ನೊಂದು ಹೇಳುತ್ತಾನೆ ಎಂದು ನಗುವವರು ಮೊದಲು ಬಾಯಿ ಮುಚ್ಚಿ ಕೂತುಕೊಳ್ಳಿ. ನಿಮಗೆ ನಿಮ್ಮ ಹೆಂಡತಿಯ ಫೋನ್ ನಂಬರೂ ನೆನಪಿಲ್ಲ, ಅದನ್ನು ಫೋನು ನೆನಪಿಟ್ಟುಕೊಂಡಿದೆ. ನನಗಾದರೋ ಅರವತ್ತೈದು ವರ್ಷದ ಹಿಂದೆ ಒಂದು ಚಪ್ಪಡಿ ಎತ್ತುವಾಗ ಅದರ ಯಾವ ಮೂಲೆ ನನ್ನ ಕೈಯಲ್ಲಿತ್ತು, ಯಾವ ಬೆರಳು ಜಜ್ಜಿತು ಎಂಬುದೂ ನೆನಪಿದೆ. ಈ ಕತೆಗೆ ಅಷ್ಟು ನೆನಪು ಸಾಕು. ನಿನ್ನೆ ರಾತ್ರಿ ಏನು ಉಂಡೆ ಎಂದು ಕೇಳಬೇಡಿ, ಅದು ಹೊಟ್ಟೆಗೆ ಗೊತ್ತು. ಸುಮ್ಮನೆ ಕೇಳಿ, ನನ್ನ ಮಾತು ಹಿಡಿದಿಡುತ್ತಿರುವ ಈ ಫೋನು ಮಧ್ಯದಲ್ಲಿ ನಿಂತುಹೋದರೆ ಮತ್ತೆ ಮೊದಲಿನಿಂದ ಹೇಳುವ ತ್ರಾಣ ನನಗಿಲ್ಲ.

ಫೆಜ್‌ ಊರಿನ ಕೋಟೆಗೋಡೆಯ ಹೊರಗಿನ ಪಾರ್ಕಿನಲ್ಲಿ, ಕಹಿಕಿತ್ತಳೆ ಮರಗಳ ಸಾಲು ಮುಗಿಯುವ ಕಡೆ ಇರುವ ಕಾರಂಜಿ ನಿಮಗೆಲ್ಲ ಗೊತ್ತಲ್ಲ. ಮುಂದೆ ತೊಟ್ಟಿ, ತೊಟ್ಟಿಯ ನಡುವೆ ಮೊಳದೆತ್ತರ ಚಿಮ್ಮುವ ನೀರು, ಹಿಂದಿನ ಗೋಡೆಗೆ ಬಣ್ಣದ ಮಣ್ಣಿನ ಬಿಲ್ಲೆಗಳನ್ನು ಜೋಡಿಸಿದ ದೊಡ್ಡ ಚಪ್ಪಡಿ, ಚಪ್ಪಡಿಯ ನಡುವೆ ಹದಿನಾರು ದಳದ ನಕ್ಷತ್ರ. ಹದಿನೈದು ದಳ ಹಸಿರು. ಬಲಗಡೆ ಮೂರನೆಯದು ಕಪ್ಪು. ಆ ಕಪ್ಪು ದಳ, ಫ್ರೆಂಚರ ಕಾಲದಲ್ಲಿ ಮನೆಯಿಂದ ಹೋಗಿ ಮತ್ತೆ ಬಾರದವರದು ಎನ್ನುತ್ತಾರೆ. ಹೆಂಗಸರು ತೊಟ್ಟಿಯಲ್ಲಿ ಬೆರಳು ಅದ್ದಿ ಅದನ್ನು ಮುಟ್ಟುತ್ತಾರೆ, ಒಂದು ಹೆಸರು ಹೇಳುತ್ತಾರೆ, ಹೋಗುತ್ತಾರೆ. ಮುಟ್ಟಿ ಮುಟ್ಟಿ ಅದರ ಹೊಳಪು ಹೋಗಿದೆ. ಆ ದಳವನ್ನು ಅಲ್ಲಿ ಇಟ್ಟವನು ಥಾಮಿ. ಅದು ಎಲ್ಲರಿಗೂ ಗೊತ್ತು. ಹೇಗೆ ಇಟ್ಟ ಎಂಬುದು ಯಾರಿಗೂ ಬೇಡವಾಗಿದೆ.

ಫ್ರೆಂಚರು ಹೋದ ಎರಡನೇ ವರ್ಷ ಅದು. ಪಾರ್ಕಿಗೆ ಕಾರಂಜಿ ಮಾಡಿಕೊಡುವ ಕೆಲಸ ಬೆನ್ನಿಸ್ ಮೇಸ್ತ್ರಿಗೆ ಬಂತು. ಅವನ ಕೈಕೆಳಗೆ ಬಿಲ್ಲೆ ಜೋಡಿಸುವವರು ಇಬ್ಬರೇ: ಇಪ್ಪತ್ತೆರಡರ ಥಾಮಿ ಮತ್ತು ಅವನಿಗಿಂತ ಎರಡು ವರ್ಷ ದೊಡ್ಡವನಾದ ಜಿಲಾಲಿ. ಬಿಲ್ಲೆಗಳನ್ನು ಉಳಿಯಿಂದ ಕೊಚ್ಚಿ ಆಕಾರ ಕೊಡುವವನು ನಾನು. ಜಿಲಾಲಿ ಎಡಚ. ಉಣ್ಣುವುದನ್ನು ಮಾತ್ರ ಬಲಗೈಯಲ್ಲಿ ಕಷ್ಟಪಟ್ಟು ಕಲಿತಿದ್ದ, ಉಳಿದದ್ದೆಲ್ಲ ಎಡಗೈ. ಥಾಮಿ ಒಂದು ಬಿಲ್ಲೆ ಇಡುವಷ್ಟರಲ್ಲಿ ಅವನ ಎಡಗೈ ಮೂರು ಇಟ್ಟಿರುತ್ತಿತ್ತು. ಅದನ್ನು ಕಂಡರೆ ಥಾಮಿಗೆ ಆಗುತ್ತಿರಲಿಲ್ಲ.

ನಮ್ಮ ಕೆಲಸದ ರೀತಿ ನೋಡಿದವರಿಗೇ ಗೊತ್ತು. ಬಿಲ್ಲೆಗಳನ್ನು ಬಣ್ಣ ಕೆಳಗೆ ಮಾಡಿ ನೆಲದ ಮೇಲೆ ಮಗುಚಿ ಜೋಡಿಸಬೇಕು. ಮೇಲಿನಿಂದ ಕಾಣುವುದು ಬರೀ ಮಣ್ಣಿನ ಬೆನ್ನು. ಹಸಿರೂ ಮಣ್ಣು, ಕಪ್ಪೂ ಮಣ್ಣು. ಯಾವ ಬುಟ್ಟಿಯಿಂದ ತೆಗೆದೆ ಎಂಬುದೇ ಬಣ್ಣ. ಕೊನೆಗೆ ಮೇಲೆ ಗಾರೆ ಸುರಿದು, ಅದು ಕಚ್ಚಿದ ಮೇಲೆ ಎತ್ತಿದರೆ ಆಗ ಮುಖ ಕಾಣುತ್ತದೆ. ಅಲ್ಲಿಯವರೆಗೆ ಮೇಸ್ತ್ರಿಯೂ ಕುರುಡನೇ.

ಈ ಚಪ್ಪಡಿ ಊರೊಳಗಿನ ಗಲ್ಲಿಗಳಲ್ಲಿ ತೂರುವಂಥದ್ದಾಗಿರಲಿಲ್ಲ. ಹೊರೆ ಹೊತ್ತ ಹೇಸರಗತ್ತೆ ಬಂದರೆ ಮನುಷ್ಯ ಗೋಡೆಗೆ ಅಂಟಿಕೊಳ್ಳಬೇಕಾದ ಗಲ್ಲಿಗಳು ಅವು. ಹಾಗಾಗಿ ಪಾರ್ಕಿನಲ್ಲೇ, ಗೋಡೆಯ ಬುಡದಲ್ಲೇ ಚಾಪೆ ಕಟ್ಟಿ ನೆರಳು ಮಾಡಿಕೊಂಡು ಜೋಡಿಸಿದೆವು. ಗೋಡೆಗೆ ಮುಖ ಮಾಡಿ ನಿಂತರೆ ಎಡಕ್ಕೆ ಜಿಲಾಲಿ, ಬಲಕ್ಕೆ ಥಾಮಿ. ಒಬ್ಬೊಬ್ಬರ ಪಾಲಿಗೆ ಎಂಟೆಂಟು ದಳ. ದಳಕ್ಕೂ ಅಂಚಿನ ಕಪ್ಪು ಪಟ್ಟಿಗೂ ಒಂದೇ ಆಕಾರ, ಬಾದಾಮಿಯಂತೆ. ಕಪ್ಪಿನವನ್ನು ಲೆಕ್ಕವಿಲ್ಲದೆ ಕೊಚ್ಚಿದ್ದೆ. ಹಸಿರಿನವು ಸರಿಯಾಗಿ ಹದಿನಾರು.

ಮಧ್ಯಾಹ್ನದ ಹೊತ್ತು. ಥಾಮಿಗೆ ಬಾಯಿ ತುರಿಸಿತು.

"ಏ ಎಡಚ, ಆ ಕೈಯಲ್ಲಿ ಇಟ್ಟಿದ್ದಕ್ಕೆ ನಕ್ಷತ್ರ ಹಿಂದ್‌ಹಿಂದಕ್ಕೆ ತಿರುಗೀತು ನೋಡ್ಕೋ."

"ತಿರುಗಲಿ ಬಿಡು," ಎಂದ ಜಿಲಾಲಿ, ತಲೆ ಎತ್ತದೆ. "ನೀನು ನಿನ್ನ ಮೂರನೇದು ಇಡು ಮೊದ್ಲು. ನಾನು ಆರು ಮುಗಿಸಿ ನಿನ್ನ ಮುಖ ನೋಡ್ತಾ ಕೂತಿದೀನಿ."

ನಾವು ನಕ್ಕೆವು. ಥಾಮಿಗೆ ಉರಿಯಿತು. "ಎಡಗೈಲಿ ಇಡೋದೇನು ಮಹಾ ವಿದ್ಯೆನಾ? ನೋಡ್ರಪ್ಪ," ಎಂದವನೇ ಒಂದು ಭುಜ ಕುಗ್ಗಿಸಿ, ನಾಲಿಗೆಯ ತುದಿ ಕಚ್ಚಿಕೊಂಡು, ಥೇಟ್ ಜಿಲಾಲಿ ಕೂರುವಂತೆ ಕೂತು, ಎಡಗೈ ಚಾಚಿ ಒಂದು ಬಿಲ್ಲೆ ತೆಗೆದು ಇಟ್ಟ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಜಿಲಾಲಿಯೂ ನಕ್ಕ.

ಥಾಮಿಯ ಬಲಕ್ಕೆ ಇದ್ದದ್ದು ಹಸಿರಿನ ಬುಟ್ಟಿ. ಎಡಕ್ಕೆ ಇದ್ದದ್ದು ಕಪ್ಪಿನದು.

ಸಂಜೆ ಎಲ್ಲರೂ ಕೈಕಾಲು ತೊಳೆಯಲು ಹೋದಾಗ, ಇದನ್ನು ಮುಪ್ಪಿನಲ್ಲಿ ಥಾಮಿಯೇ ಹೇಳಿದ, ಅವನು ಹಸಿರಿನ ಬುಟ್ಟಿ ಎತ್ತಿದ. ತಳದಲ್ಲಿ ಒಂದು ಹಸಿರು ದಳ ಉಳಿದಿತ್ತು. ಎಲ್ಲ ಅರ್ಥವಾಯಿತು. ಇಟ್ಟದ್ದನ್ನು ಕಿತ್ತರೆ ಸುತ್ತಲಿನ ಬಿಲ್ಲೆಗಳು ಸರಿಯುತ್ತವೆ, ಎರಡು ದಿನದ ಕೆಲಸ ಹಾಳು, ಅದಕ್ಕೂ ಮೊದಲು 'ನಾನು ತಪ್ಪಿದೆ' ಎಂದು ಆ ನಕ್ಕವರ ಮುಂದೆಯೇ ಹೇಳಬೇಕು. ಅವನು ಆ ಹಸಿರು ದಳವನ್ನು ಜೇಬಿಗೆ ಹಾಕಿಕೊಂಡ. ಮರುದಿನ ಗಾರೆ ಸುರಿದರು.

ಗಾರೆ ಕಚ್ಚಿದ ಮೇಲೆ ನಾಲ್ವರು ಎತ್ತಿದೆವು. ಇಲ್ಲಿ ಸ್ವಲ್ಪ ಗಮನ ಕೊಡಿ, ಚಹಾ ಆಮೇಲೆ ಹೀರಿ. ಕಾರ್ಖಾನೆಯಲ್ಲಿ ಸಣ್ಣ ಚಪ್ಪಡಿಗಳನ್ನು ನಾವು ಪುಸ್ತಕದ ಹಾಳೆಯಂತೆ ಮಗುಚುತ್ತಿದ್ದೆವು. ಹಾಳೆ ಮಗುಚಿದರೆ ಎಡದ್ದು ಬಲಕ್ಕೆ ಹೋಗುತ್ತದೆ. ಆದರೆ ಆ ದಿನ ಗೋಡೆ ಎದುರಿಗೇ ಇತ್ತು. ಚಪ್ಪಡಿಯ ನಮ್ಮ ಕಡೆಯ ಅಂಚನ್ನು ಹಿಡಿದು, ಪೆಟ್ಟಿಗೆಯ ಮುಚ್ಚಳ ಎತ್ತುವಂತೆ ನೇರ ಮೇಲೆತ್ತಿ ಗೋಡೆಗೆ ಒರಗಿಸಿದೆವು. ಮುಚ್ಚಳ ಎತ್ತಿದರೆ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ. ಎಡ ಮೂಲೆ ನನ್ನ ಕೈಯಲ್ಲಿತ್ತು. ಹೆಬ್ಬೆರಳು ಜಜ್ಜಿ ರಕ್ತ ಬಂತು.

ಬೆನ್ನಿಸ್ ಮೇಸ್ತ್ರಿ ಎದುರಿಗೆ ನಿಂತು ನೋಡಿದ. ದಳಗಳನ್ನು ಬೆರಳಿನಿಂದ ಎಣಿಸಿದ. ಆಮೇಲೆ ಮೆಲ್ಲಗೆ ಕೇಳಿದ, "ಹಸಿರು ಎಷ್ಟು ಕೊಚ್ಚಿದ್ಯೋ?"

"ಹದಿನಾರು, ಮೇಸ್ತ್ರಿಗಳೇ," ಎಂದೆ.

"ಇಲ್ಲಿ ಹದಿನೈದಿದೆ. ಕಪ್ಪು ಬಲಕ್ಕಿದೆ. ಮುಖದಲ್ಲಿ ಬಲಕ್ಕಿದ್ರೆ ಇಟ್ಟಾಗ ಎಡಕ್ಕಿತ್ತು." ನಲವತ್ತು ವರ್ಷ ಹಾಳೆ ಮಗುಚಿದ ತಲೆ ಅದು. ಎತ್ತಿದ್ದು ಹೇಗೆಂದು ಕಣ್ಣು ನೋಡಿತ್ತು, ತಲೆ ನೋಡಿರಲಿಲ್ಲ. ಅವನು ಜಿಲಾಲಿಯ ಕಡೆ ತಿರುಗಿದ. "ಎಡಗೈ ನಂಬಬೇಡ ಅಂತ ನಮ್ಮಪ್ಪ ಹೇಳಿದ್ದ. ನಾನು ನಂಬಿದೆ."

ಜಿಲಾಲಿ ಹೋಗಿ ಕೊಚ್ಚಿದ ಚೂರುಗಳ ರಾಶಿಯ ಮುಂದೆ ಮಂಡಿಯೂರಿ ಕೂತು ಎರಡೂ ಕೈ ಹಾಕಿ ಹುಡುಕಿದ. ಹದಿನಾರನೆಯ ಹಸಿರು ಒಡೆದು ಅಲ್ಲಿ ಬಿದ್ದಿದೆಯೇನೋ ಎಂದು. ಬೆರಳು ಕುಯ್ದುಕೊಂಡವು. ಥಾಮಿ ಅವನ ಪಕ್ಕದಲ್ಲೇ ನಿಂತಿದ್ದ, ಕೈ ಜೇಬಿನಲ್ಲಿಟ್ಟುಕೊಂಡು. ದಳ ಬೆರಳಿಗೆ ತಗಲುತ್ತಿತ್ತು.

ಅಂದೇ ಜಿಲಾಲಿಯ ಕೆಲಸ ಹೋಯಿತು. ಮೇಸ್ತ್ರಿ ಕೈ ಬಿಟ್ಟವನನ್ನು ಊರಿನ ಬೇರೆ ಮೇಸ್ತ್ರಿ ಮುಟ್ಟುವುದಿಲ್ಲ, ನಮ್ಮಲ್ಲಿ ಅದು ಹಾಗೆಯೇ. ಕಪ್ಪು ದಳವನ್ನು ಕಿತ್ತರೆ ಅಕ್ಕಪಕ್ಕ ಬಿರುಕು ಬಿಡುತ್ತದೆ, ಉದ್ಘಾಟನೆಗೆ ನಾಲ್ಕೇ ದಿನ. ಹಾಗೆಯೇ ನಿಲ್ಲಿಸಿ ಕಾರಂಜಿ ಮುಗಿಸಿದೆವು.

ಉದ್ಘಾಟನೆಗೆ ರಾಜಧಾನಿ ರಬಾತ್‌ನಿಂದ ಒಬ್ಬ ದೊಡ್ಡ ಮನುಷ್ಯ ಬಂದ. ನೀರು ಚಿಮ್ಮಿತು, ಹೆಂಗಸರು ನಾಲಿಗೆ ಆಡಿಸಿ ಹರ್ಷದ ಕೂಗು ಹಾಕಿದರು, ಖರ್ಜೂರ ಹಾಲು ಕೊಟ್ಟರು. ಅವನು ಚಪ್ಪಡಿಯ ಹತ್ತಿರ ಹೋಗಿ ನೋಡಿ, "ಇದೊಂದು ಯಾಕೆ ಕಪ್ಪು?" ಎಂದ. ಬೆನ್ನಿಸ್ ಮೇಸ್ತ್ರಿಯ ಮುಖ ಸುಣ್ಣವಾಯಿತು. ಆಗ ಹಿಂದಿನಿಂದ ಥಾಮಿಯ ಬಾಯಿಂದ ಬಂತು: "ಸೀದಿ, ಅದು ಮನೆಗೆ ವಾಪಸ್ ಬರದೇ ಇದ್ದೋರದು."

ಎಲ್ಲಿಂದ ಬಂತೋ ಆ ಮಾತು, ಅವನಿಗೂ ಗೊತ್ತಿರಲಿಲ್ಲ. ದೊಡ್ಡ ಮನುಷ್ಯ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಥಾಮಿಯ ಎರಡೂ ಕೆನ್ನೆಗೆ ಮುತ್ತಿಟ್ಟ. ಗುಂಪಿನಲ್ಲಿದ್ದ ಒಬ್ಬ ಹೆಂಗಸು ಮುಂದೆ ಬಂದು, ತೊಟ್ಟಿಯಲ್ಲಿ ಬೆರಳದ್ದಿ ಆ ದಳ ಮುಟ್ಟಿ ಗಂಡನ ಹೆಸರು ಹೇಳಿದಳು. ಅಲ್ಲಿಂದ ಶುರು.

ಈಗ ನೋಡಿ. ಅದು ತಪ್ಪಾಗಿದ್ದಾಗ ಜಿಲಾಲಿಯದು, ಅದಕ್ಕೊಂದು ಅರ್ಥ ಬಂದ ಕೂಡಲೇ ಥಾಮಿಯದು. ನಾಲ್ಕು ದಿನದ ಅಂತರ. ಎರಡೇ ವರ್ಷದಲ್ಲಿ ಥಾಮಿ ಸ್ವಂತ ಮೇಸ್ತ್ರಿಯಾದ. ಮೆಕ್ಕೆಗೂ ಹೋಗಿಬಂದು ಹಾಜಿ ಎನಿಸಿಕೊಂಡ. ಜಿಲಾಲಿ ಕುಂಬಾರರ ಕೇರಿಯಲ್ಲಿ ಮಣ್ಣು ತುಳಿಯುವ ಕೆಲಸಕ್ಕೆ ಸೇರಿದ. ಕೈಯ ಮನುಷ್ಯ ಕಾಲಿನ ಮನುಷ್ಯನಾದ. ಬಿಲ್ಲೆಗೆ ಮಣ್ಣು ಅಲ್ಲಿಂದಲೇ ಬರಬೇಕಲ್ಲ, ಥಾಮಿ ಆ ಕೇರಿಗೆ ಬೇರೆಯವರನ್ನು ಕಳಿಸುತ್ತಿದ್ದ. ಒಂದು ಸಲ ಮಾತ್ರ, ಒಂದು ಸಾವಿನ ಮನೆಯಲ್ಲಿ ಎದುರುಬದುರಾದರು. ಜಿಲಾಲಿಯೇ ಹತ್ತಿರ ಬಂದು ಕೂತ.

"ಥಾಮಿ, ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಅವತ್ತು ನನ್ನ ಕೈ ಯಾವಾಗ ಕರಿ ಬುಟ್ಟಿಗೆ ಹೋಯ್ತು ಅಂತ ಎಷ್ಟು ಯೋಚಿಸಿದ್ರೂ ನೆನಪಿಗೆ ಬರ್ತಿಲ್ಲ. ನೀನು ಪಕ್ಕದಲ್ಲೇ ಇದ್ಯಲ್ಲ. ನೀನೇನಾದ್ರೂ ನೋಡಿದ್ಯಾ?"

"ಇಲ್ಲಪ್ಪ," ಎಂದ ಥಾಮಿ. "ನೋಡ್ಲಿಲ್ಲ."

"ಹೋಗ್ಲಿ ಬಿಡು. ಸುಮ್ನೆ ಕೇಳ್ದೆ," ಎಂದು ಜಿಲಾಲಿ ಅವನ ತಟ್ಟೆಗೆ ಮಾಂಸದ ತುಂಡು ಸರಿಸಿದ, ಬಲಗೈಯಲ್ಲಿ, ಕಷ್ಟಪಟ್ಟು.

ಆ ತುಂಡನ್ನು ಥಾಮಿ ತಟ್ಟೆಯಲ್ಲೇ ಬಿಟ್ಟು ಎದ್ದ. ಆದರೂ ಹೇಳಲಿಲ್ಲ. ಹೇಳುವ ದಿನ ನಾಳೆ ಎಂದುಕೊಂಡೇ ಇರುವಾಗ, ಹನ್ನೆರಡು ವರ್ಷದ ಹಿಂದೆ ಜಿಲಾಲಿ ತೀರಿಕೊಂಡ. ಹಸಿರು ದಳ ಥಾಮಿಯ ಹಾಸಿಗೆಯ ಪಕ್ಕದ ಪೆಟ್ಟಿಗೆಯಲ್ಲಿತ್ತು, ಪ್ರಾರ್ಥನೆಯ ಮಣಿಮಾಲೆಯ ಜೊತೆ. ಮಾಲೆ ತೆಗೆಯಲು ಕೈ ಹಾಕಿದಾಗಲೆಲ್ಲ ಮೊದಲು ಸಿಗುತ್ತಿದ್ದದ್ದು ಅದೇ.

ಹೋದ ವರ್ಷ ಕೌಸರ್ ಎಂಬ ಹುಡುಗಿ ಬಂದಳು. ಪಾರ್ಕಿನ ಹಳೆಯ ವಸ್ತುಗಳಿಗೆಲ್ಲ ಚರಿತ್ರೆ ಬರೆದು ಫಲಕ ಹಾಕಿಸುವ ಕೆಲಸ ಅವಳದು. ಚುರುಕು ಹುಡುಗಿ, ಒಳ್ಳೆಯವಳೇ. "ಹಾಜಿ, ಕಾರಂಜಿಯ ಚರಿತ್ರೆ, ಕಪ್ಪು ದಳದ ಸಂಕೇತ, ಎರಡೂ ನಿಮ್ಮ ಬಾಯಿಂದಲೇ ಬರಬೇಕು. ಆ ಕಾಲದ ಜೋಡಿಸೋರಲ್ಲಿ ಉಳಿದೋರು ನೀವೊಬ್ರೇ," ಎಂದಳು. ಥಾಮಿ ಹಳೆಯ ಮಾತನ್ನೇ ಹೇಳಿದ. ಅವಳು ಬರೆದುಕೊಂಡಳು. ಜೊತೆಗಿದ್ದವರ ಹೆಸರು ನೆನಪು ಮಾಡಿಕೊಂಡು ಹೇಳುತ್ತೇನೆಂದು ದಿನ ತಳ್ಳಿದ.

ಮೂರನೆಯ ದಿನ ಮಧ್ಯಾಹ್ನ ಅವನ ಮನೆಗೆ ಜಿಲಾಲಿಯ ಮಗಳು ಬಂದಳು. ಊರವರು ಗೌರವದಿಂದ ಲಲ್ಲಾ ಎನ್ನುವ ಬತೂಲ್, ಅರವತ್ತು ದಾಟಿದವಳು, ಕಸೂತಿಯಲ್ಲಿ ಹೆಸರು ಮಾಡಿದವಳು. ಸೊಸೆ ಪುದೀನಾ ಚಹಾ ತಂದಿಟ್ಟಳು. ಅಪ್ಪನ ಹೆಸರನ್ನೂ ಹಾಕಿಸಿ ಎಂದು ಕೇಳಲು ಬಂದಿದ್ದಾಳೆ ಎಂದುಕೊಂಡ ಥಾಮಿ. ಆಗಲಮ್ಮ ಎನ್ನಲು ತಯಾರಾಗಿಯೂ ಕೂತಿದ್ದ. ಒಂದು ಹೆಸರು ಹಾಕಿಸಿಬಿಟ್ಟರೆ ಎದೆಯ ಭಾರ ಅಷ್ಟಾದರೂ ಇಳಿದೀತು ಎಂಬ ಆಸೆ.

"ಹಾಜಿ, ಪಾರ್ಕಲ್ಲಿ ಬೋರ್ಡು ಹಾಕ್ತಾರಂತೆ. ಹೆಸರು ಹೇಳೋರು ನೀವೇ ಅಂತೆ."

"ಹೌದಮ್ಮ."

"ನಮ್ಮಪ್ಪನ ಹೆಸರು ಮಾತ್ರ ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಥಾಮಿಗೆ ಕಿವಿ ಸರಿಯಾಗಿ ಕೇಳಿತೋ ಇಲ್ಲವೋ ಎನಿಸಿತು. "ಯಾಕಮ್ಮ?"

"ಹೆಸರು ಬಂದ್ರೆ ಯಾರಾದ್ರೂ ಕೇಳ್ತಾರೆ, ಈ ಜಿಲಾಲಿ ಯಾರು ಅಂತ. ಕೇಳಿದ್ರೆ ಇನ್ಯಾರೋ ಹೇಳ್ತಾರೆ, ಕೆಲಸ ಕೆಡಿಸಿ ಓಡಿಸಿಕೊಂಡೋನು ಅಂತ. ನಮ್ಮ ಹುಡುಗ್ರಿಗೆ ಅದು ಗೊತ್ತಿಲ್ಲ. ಅಪ್ಪ ಸಾಯೋವಾಗ್ಲೂ ಎಡಗೈನ ಹೊದಿಕೆ ಒಳಗೇ ಇಟ್ಕೊಂಡಿದ್ರು, ಹಾಜಿ. ನೋಡೋಕೆ ಬಂದೋರಿಗೆ ಕಾಣ್ಬಾರ್ದು ಅಂತ."

ಥಾಮಿ ಎದ್ದ. ಒಳಗೆ ಹೋಗಿ ಬಂದ. ಅವಳ ಮುಂದಿನ ತಟ್ಟೆಯಲ್ಲಿ, ಚಹಾ ಲೋಟದ ಪಕ್ಕ, ಆ ಹಸಿರು ದಳ ಇಟ್ಟ.

"ಇದೇನು?"

"ಹದಿನಾರನೇದು," ಎಂದ. "ನಿಮ್ಮಪ್ಪನ ಎಂಟೂ ಸರಿಯಾಗಿದ್ವು. ತಪ್ಪಿದ್ದು ನಾನು. ಕೈ ತಪ್ತು. ಗೊತ್ತಾದ್ಮೇಲೂ ಸುಮ್ನಿದ್ದೆ."

ಹಾಳೆಯಂತೆ ಮಗುಚದೆ ಮುಚ್ಚಳದಂತೆ ಎತ್ತಿದ್ದನ್ನು ತೊಡರುತ್ತ ಹೇಳಿದ. ಅವಳಿಗೆ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ತನ್ನ ಕೈಚೌಕವನ್ನು ಮಂಡಿಯ ಮೇಲೆ ಹಾಸಿ ಒಂದು ಮೂಲೆಗೆ ದಳ ಹಿಡಿದು, ಒಮ್ಮೆ ಹಾಳೆಯಂತೆ ತಿರುಗಿಸಿದಳು, ಒಮ್ಮೆ ಮುಚ್ಚಳದಂತೆ ಎತ್ತಿದಳು. ಎರಡು ಸಲ ಹಾಗೆ ಮಾಡಿದಳು. ಆಮೇಲೆ ಚೌಕವನ್ನು ನಿಧಾನವಾಗಿ ಮಡಿಸಿದಳು.

"ನಮ್ಮ ಕಸೂತೀಲಿ ಹಿಂದೂ ಮುಂದೂ ಒಂದೇ ಥರ ಇರ್ಬೇಕು, ಹಾಜಿ. ಗಂಟು ಬಚ್ಚಿಡೋಕೆ ಜಾಗ ಇರಲ್ಲ. ನಿಮ್ಮದು ಅನುಕೂಲದ ಕೆಲಸ. ಎಲ್ಲ ಗಾರೆ ಒಳಗೆ."

ಥಾಮಿ ತಲೆ ತಗ್ಗಿಸಿದ. "ಕ್ಷಮಿಸು ಅಂತ ಹೇಗೆ ಕೇಳಲಮ್ಮ?"

"ನನ್ನನ್ನ ಕೇಳ್ಬೇಡಿ. ಅರವತ್ನಾಲ್ಕು ವರ್ಷದಲ್ಲಿ ಅಪ್ಪ ಐವತ್ಮೂರು ವರ್ಷ ಬದುಕಿದ್ರು, ಎರಡು ಕೇರಿ ಆಚೆ." ಅವಳು ಎದ್ದಳು. "ಮೊದಲು ಸುಳ್ಳು ಹೇಳಿದ ಜಾಗದಲ್ಲೇ ನಿಜ ಹೇಳಿ. ಜನರ ಮುಂದೆ. ಮನೇಲಿ ಹೇಳಿದ್ದು ನನಗೆ ಲೆಕ್ಕಕ್ಕಿಲ್ಲ."

ನಮ್ಮ ಪದ್ಧತಿಯಂತೆ ಮೂರು ಲೋಟ ಕುಡಿದು ಏಳಬೇಕಾದ ಮನೆಯಿಂದ ಅವಳು ಮೊದಲ ಲೋಟವನ್ನೂ ಮುಟ್ಟದೆ ಹೋದಳು. ಸೊಸೆ ತೆಗೆಯಲು ಬಂದರೆ ಥಾಮಿ ಬೇಡವೆಂದ. ಚಹಾ ತಣ್ಣಗಾಗಿ ಪುದೀನಾ ಎಲೆ ಕಪ್ಪಾಗುವವರೆಗೂ ಅದರ ಮುಂದೆಯೇ ಕೂತಿದ್ದ.

ಫಲಕ ಅನಾವರಣದ ದಿನ ನಾನೂ ಹೋಗಿದ್ದೆ. ಪ್ಲಾಸ್ಟಿಕ್ ಕುರ್ಚಿ, ಮೈಕು, ಶಾಲೆಯ ಮಕ್ಕಳು. ಬತೂಲ್ ಕಿತ್ತಳೆ ಮರದ ಕೆಳಗೆ ನಿಂತಿದ್ದಳು, ಕೂರಲಿಲ್ಲ. ಥಾಮಿ ಮೈಕು ಹಿಡಿದು ಹೇಳಿದ. ಸಂಕೇತವೂ ಇಲ್ಲ ಗಿಂಕೇತವೂ ಇಲ್ಲ, ಅದು ನನ್ನ ತಪ್ಪು, ಅದನ್ನು ಜಿಲಾಲಿಯ ತಲೆಗೆ ಕಟ್ಟಿದೆ, ಆಮೇಲೆ ಬಾಯಿಗೆ ಬಂದ ಅರ್ಥ ಹೇಳಿದೆ ಎಂದ.

ಜನ ಚಪ್ಪಾಳೆ ತಟ್ಟಿದರು.

ಕೌಸರ್ ಮೈಕು ತೆಗೆದುಕೊಂಡಳು, ಅವಳ ಕಣ್ಣಲ್ಲಿ ನೀರು. "ನೋಡಿದ್ರಾ, ಎಂಥ ದೊಡ್ಡ ಮನಸ್ಸು. ಅಗಲಿದ ಗೆಳೆಯನಿಗೋಸ್ಕರ ತಮ್ಮ ಕೀರ್ತಿನೂ ಬಿಟ್ಕೊಡ್ತಿದ್ದಾರೆ ನಮ್ಮ ಹಾಜಿ."

"ಕೀರ್ತಿ ಅಲ್ಲ ಕಣಮ್ಮ, ಕಳ್ಳತನ," ಎಂದ ಥಾಮಿ.

ಮತ್ತೆ ಚಪ್ಪಾಳೆ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಚಪ್ಪಡಿ ನೇರ ಎತ್ತಿದ್ದು, ಎಡ ಮೂಲೆ ನನ್ನ ಕೈಯಲ್ಲಿತ್ತು, ಹೆಬ್ಬೆರಳು ನೋಡಿ ಎಂದೆ. ಒಬ್ಬ ನನ್ನ ಭುಜ ಒತ್ತಿ, "ಆಯ್ತು ತಾತ, ಕೂತ್ಕೊಳ್ಳಿ, ಬಿಸಿಲಿದೆ," ಎಂದ. ಕೌಸರ್ ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿಸಿತು: "ಪಾಪ, ವಯಸ್ಸಾಯ್ತಲ್ಲ, ಒಂದಕ್ಕೊಂದು ಬೆರೆಸ್ಕೊಳ್ತಾರೆ."

ಅಷ್ಟರಲ್ಲಿ ಕೋಲೂರಿಕೊಂಡು ಒಬ್ಬ ಮುದುಕಿ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದಳು. ಬೆರಳದ್ದಿ ದಳ ಮುಟ್ಟಿದಳು. ತಿರುಗಿ ಥಾಮಿಗೆ, "ನೀನು ಯಾವ ಕೈಯಲ್ಲಿ ಇಟ್ಟೆಯೋ ನನಗೆ ಗೊತ್ತಿಲ್ಲಪ್ಪ. ನಮ್ಮಣ್ಣ ವಾಪಸ್ ಬರ್ಲಿಲ್ಲ. ನಾನು ಮುಟ್ಟೋಳೇ," ಎಂದಳು. ಥಾಮಿ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ.

ಫಲಕ ಹಿತ್ತಾಳೆಯದು, ಆಗಲೇ ಎರಕ ಹೊಯ್ದಾಗಿತ್ತು. ಅದರಲ್ಲಿ ಮೇಸ್ತ್ರಿ ಬೆನ್ನಿಸ್, ಕಪ್ಪು ದಳದ ಕಲ್ಪನೆ ಥಾಮಿ ಎಂದಿದೆ. ಬದಲಿಸಿ ಎಂದು ಅವನು ಮೂರು ಸಲ ಕಚೇರಿಗೆ ಹೋದ. ಮೂರು ಸಲವೂ ಚಹಾ ಕೊಟ್ಟು ಕಳಿಸಿದರು.

ಆಮೇಲೆ ಅವನು ದಿನಾ ಮಧ್ಯಾಹ್ನ ಕಾರಂಜಿಯ ಪಕ್ಕದ ಬೆಂಚಿನಲ್ಲಿ ಕೂರತೊಡಗಿದ. ಬಂದವರಿಗೆಲ್ಲ ಅಂಗೈ ತೆರೆದು ಹಸಿರು ದಳ ತೋರಿಸಿ ಕತೆ ಹೇಳುತ್ತಿದ್ದ. ಕೆಲವರು ಕೇಳುತ್ತಿದ್ದರು, ಕೆಲವರು ಭಿಕ್ಷುಕನೆಂದು ಕೈಗೆ ಚಿಲ್ಲರೆ ಹಾಕಿ ಹೋಗುತ್ತಿದ್ದರು. ಬತೂಲ್ ವಾರಕ್ಕೊಮ್ಮೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಕಸೂತಿ ಹಾಕುತ್ತ ಕೇಳುತ್ತಿದ್ದಳು. ಕಣ್ಣು ಬಟ್ಟೆಯ ಮೇಲೇ.

ಒಂದು ದಿನ ನಾನೂ ಹೋದೆ. ಅವನು ಹೇಳುವುದನ್ನು ಕೇಳಿದೆ. ಎಲ್ಲ ಸರಿಯಾಗಿತ್ತು, ಒಂದನ್ನು ಬಿಟ್ಟು. 'ಕೈ ತಪ್ಪಿತು' ಎಂದಷ್ಟೇ ಹೇಳಿದ. ಯಾಕೆ ತಪ್ಪಿತು ಎಂದು ಹೇಳಲಿಲ್ಲ. ಅವನು ನೀರು ಕುಡಿಯಲು ಎದ್ದಾಗ ನಾನು ಬತೂಲ್‌ಗೆ ಹೇಳಿಬಿಟ್ಟೆ. ಭುಜ ಕುಗ್ಗಿಸಿದ್ದು, ನಾಲಿಗೆ ಕಚ್ಚಿಕೊಂಡದ್ದು, ಎಡಗೈ ಚಾಚಿದ್ದು, ಜಿಲಾಲಿಯೂ ನಮ್ಮ ಜೊತೆ ನಕ್ಕದ್ದು. ಅವಳ ಸೂಜಿ ಬಟ್ಟೆಯಲ್ಲೇ ನಿಂತಿತು.

ಥಾಮಿ ಬಂದು ಕೂತ. ಅವಳು ಮೊದಲ ಬಾರಿಗೆ ಅವನ ಕಡೆ ತಿರುಗಿದಳು.

"ಹಾಜಿ, ನಾಳೆ ಹೇಳೋವಾಗ ಅಣಕಿಸಿದ್ದನ್ನೂ ಹೇಳಿ. ಅದನ್ನ ಬಿಟ್ಟು ಹೇಳೋದಾದ್ರೆ ಹೇಳ್ಲೇಬೇಡಿ."

ಅವನ ಮುಖದಲ್ಲಿ ಉಳಿದಿದ್ದ ರಕ್ತವೂ ಇಳಿಯಿತು. ದಳವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೇಳಿದ, "ನಿಮ್ಮಪ್ಪನಿಗೆ ನಾನು ಅಣಕಿಸಿದ್ದು ಬೇಜಾರಾಗಿತ್ತಾ?"

"ನಕ್ಕಿದ್ರಂತಲ್ಲ," ಎಂದಳು ಬತೂಲ್. "ನೀವೇ ನೋಡಿದೀರಲ್ಲ."

ಮರುದಿನದಿಂದ ಅವನು ಅದನ್ನೂ ಹೇಳಿದ. ಎಂಬತ್ತೇಳರ ಮುದುಕ, ಭುಜ ಕುಗ್ಗಿಸಿ, ನಾಲಿಗೆ ಕಚ್ಚಿ, ಎಡಗೈ ಚಾಚಿ ತೋರಿಸುತ್ತಿದ್ದ. ನೋಡಿದವರು ನಗುತ್ತಿದ್ದರು. ಆ ನಗು ಕೇಳುತ್ತ ಸುಮ್ಮನೆ ಕೂರುತ್ತಿದ್ದ. ಈ ವಸಂತದಲ್ಲಿ, ಕಿತ್ತಳೆ ಹೂ ಬಿಡುವ ವಾರ, ತೀರಿಹೋದ. ಹಸಿರು ದಳ ಈಗ ಬತೂಲ್ ಬಳಿಯಿದೆ. ಕೊಟ್ಟನೋ ಅವಳೇ ಕೇಳಿದಳೋ ಗೊತ್ತಿಲ್ಲ. ಕ್ಷಮಿಸಿದಳೋ ಎಂದರೆ ಅದೂ ಗೊತ್ತಿಲ್ಲ, ಅವಳು ಹೇಳುವವಳೂ ಅಲ್ಲ.

ಚಪ್ಪಡಿ ಎತ್ತಿದ ನಾಲ್ವರಲ್ಲಿ ಉಳಿದಿರುವುದು ನಾನೊಬ್ಬನೇ. ನಾನೂ ಅವತ್ತು ನಕ್ಕವನೇ. ಮೇಸ್ತ್ರಿ ಬಲದ್ದನ್ನು ಎಡದ್ದೆಂದು ಲೆಕ್ಕ ಹಾಕಿದಾಗ, ಜಜ್ಜಿದ ಬೆರಳು ಬಾಯಲ್ಲಿಟ್ಟುಕೊಂಡು ನಿಂತಿದ್ದೆ, ನೇರ ಎತ್ತಿದೆವಲ್ಲ ಮೇಸ್ತ್ರಿಗಳೇ ಎಂದು ಒಂದು ಮಾತು ನನಗೂ ಹೊಳೆಯಲಿಲ್ಲ. ಹಿತ್ತಾಳೆಯ ಫಲಕ ನನ್ನನ್ನೂ ನಿಮ್ಮನ್ನೂ ಮೀರಿ ಬಾಳುತ್ತದೆ, ಅದರ ಜೊತೆ ಜಗಳಕ್ಕೆ ನನ್ನ ಹತ್ತಿರ ಇರುವುದು ಈ ಬಾಯಿ ಮಾತ್ರ. ಹಾಗಾಗಿ ಇದನ್ನು ಮುಂದಕ್ಕೆ ಕಳಿಸಿ. ಆ ಪಾರ್ಕಿಗೆ ಹೋಗುವ ಒಬ್ಬರಿಗಾದರೂ ಕೇಳಿಸಿ, ಜಿಲಾಲಿಯ ಎಂಟು ದಳಗಳು ಎಡಗಡೆ ಇವೆ, ಒಂದೂ ತಪ್ಪಿಲ್ಲ ಎಂದು ಹೇಳಿ. ಉದ್ದವಾಯಿತೆಂದು ಎಲ್ಲಾದರೂ ಕತ್ತರಿಸುವುದಿದ್ದರೆ ನನ್ನ ಹೆಬ್ಬೆರಳಿನ ಕತೆ ಕತ್ತರಿಸಿ. ನಾವು ನಕ್ಕದ್ದನ್ನು ಕತ್ತರಿಸಬೇಡಿ.